ಸ್ಲಿಪ್, ಪೈಪಿಂಗ್, ಸೆಟ್, ಪಿಚರ್: ಹಳೆಯ ಇಂಗ್ಲಿಷ್ ತೋಟದ ಮಾತು ಓದಿ ಕಡ್ಡಿ ನೆಡುವ ಬಗೆ

ಇಂಗ್ಲೆಂಡಿನ ಹಳೆಯ ತೋಟಗಾರಿಕೆ ಪುಸ್ತಕವನ್ನೋ ಜಮೀನ್ದಾರಿ ಲೆಕ್ಕಪತ್ರವನ್ನೋ ತೆರೆದರೆ, ತಾಯಿಗಿಡದಿಂದ ತೆಗೆದು ನೆಡುವ ತುಂಡಿಗೆ ಹತ್ತಾರು ಹೆಸರುಗಳು ಎದುರಾಗುತ್ತವೆ: ಸ್ಲಿಪ್, ಪೈಪಿಂಗ್, ಸೆಟ್, ಪಿಚರ್, ಟ್ರಂಚನ್, ಇಂಪ್, ಗ್ರಾಫ್. ಇವನ್ನೆಲ್ಲ ‘ಕಟಿಂಗ್’ ಎಂದೇ ಓದಿಕೊಂಡು ಮುಂದೆ ಹೋಗುವುದು ಇಂದಿನ ರೂಢಿ. ಕಡ್ಡಿ ಕೊಳೆಯುವುದು ಅಲ್ಲಿಂದಲೇ ಶುರು. ಗಿಡದ ತುಂಡು ಎಂಬ ಅರ್ಥದಲ್ಲಿ ‘ಕಟಿಂಗ್’ ಬಳಕೆಗೆ ಬಂದದ್ದು 17ನೆಯ ಶತಮಾನದಲ್ಲಿ. ಕತ್ತರಿಸಿದ್ದು ಎಂಬುದನ್ನು ಬಿಟ್ಟರೆ ಅದು ಬೇರೇನನ್ನೂ ಹೇಳುವುದಿಲ್ಲ. ಹಳೆಯ ಹೆಸರುಗಳು ಹಾಗಲ್ಲ. ಅವುಗಳಲ್ಲಿ ಬಹುಪಾಲಿನ ಹೊಟ್ಟೆಯಲ್ಲಿ ಒಂದು ಕೆಲಸವೋ ಒಂದು ಆಕಾರವೋ ಅಡಗಿದೆ: ಸೀಳು, ಎಳೆ, ಚುಚ್ಚು, ಕೂರಿಸು. ಅದನ್ನು ಹಿಡಿದರೆ ತುಂಡನ್ನು ಹೇಗೆ ತೆಗೆಯಬೇಕು, ಎಷ್ಟು ಉದ್ದ ಇಡಬೇಕು, ಯಾವ ಕಾಲದಲ್ಲಿ ನೆಡಬೇಕು ಎಂಬುದರ ಅರ್ಧ ಉತ್ತರ ಕೈಗೆ ಬಂದಂತೆ.

ಇಲ್ಲಿ ಹೇಳಿರುವ ತಿಂಗಳುಗಳೆಲ್ಲ ಇಂಗ್ಲೆಂಡಿನ ಹವೆಗೆ ಹೊಂದಿದವು.

ಸ್ಲಿಪ್: ಸೀಳಿ ತೆಗೆದದ್ದು

15ನೆಯ ಶತಮಾನದ ಕೊನೆಗೆ ಬರಹದಲ್ಲಿ ಕಾಣಿಸುವ ಈ ಪದವನ್ನು ಮಧ್ಯಕಾಲೀನ ಡಚ್ ಭಾಷೆಯ ‘ಸ್ಲಿಪ್ಪೆ’ಯ ಜತೆ ಇಟ್ಟು ನೋಡುತ್ತಾರೆ. ಸ್ಲಿಪ್ಪೆ ಎಂದರೆ ಸೀಳು, ಸೀಳಿ ತೆಗೆದ ಪಟ್ಟಿ. ಕಾಗದದ ಚೀಟಿಯನ್ನು ಸ್ಲಿಪ್ ಅನ್ನುತ್ತೇವಲ್ಲ, ಅದು ಇದರ ಹತ್ತಿರದ ನೆಂಟ. ಜಾರುವ ‘ಸ್ಲಿಪ್’ ಅನ್ನು ಇದಕ್ಕೆ ಗಂಟು ಹಾಕಿ ‘ಸುಲಭವಾಗಿ ಜಾರಿ ಬರುವ ಕಡ್ಡಿ’ ಎಂದು ವಿವರಿಸುವುದುಂಟು. ಕೇಳಲು ಚೆನ್ನ, ಆದರೆ ಅದನ್ನು ನಂಬಿದರೆ ವಿಧಾನವೇ ತಪ್ಪುತ್ತದೆ. ಇಲ್ಲಿ ಮುಖ್ಯವಾದದ್ದು ಸೀಳು. ಐರ್ಲೆಂಡ್, ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಮನೆತೋಟಗಳಲ್ಲಿ ಪದ ಇಂದಿಗೂ ಬದುಕಿದೆ. ಅಮೆರಿಕದಲ್ಲಿ ಸಿಹಿಗೆಣಸಿನ ಗೆಡ್ಡೆಯಿಂದ ಕಿತ್ತು ನೆಡುವ ಮೊಳಕೆಗಳಿಗೂ ಸ್ಲಿಪ್ ಎಂದೇ ಹೆಸರು.

ರೋಸ್ಮರಿ, ಲ್ಯಾವೆಂಡರ್, ಸೇಜ್, ಬಾಕ್ಸ್ ಗಿಡಗಳಿಗೆ ಇದು ಹೇಳಿ ಮಾಡಿಸಿದ ಕ್ರಮ. ಜುಲೈ–ಆಗಸ್ಟ್‌ನಲ್ಲಿ, ಆ ವರ್ಷವೇ ಹುಟ್ಟಿದ, ಹೂವಿಲ್ಲದ ಪಕ್ಕದ ಚಿಗುರನ್ನು ಆರಿಸಿ. ತುದಿ ಮೆತ್ತಗಿದ್ದು ಬುಡ ಗಟ್ಟಿಯಾಗತೊಡಗಿರಬೇಕು, ಉದ್ದ 8–10 ಸೆಂ.ಮೀ. ತಾಯಿಕಾಂಡವನ್ನು ಒಂದು ಕೈಯಲ್ಲಿ ಹಿಡಿದು, ಚಿಗುರಿನ ಬುಡವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಕೆಳಕ್ಕೆ, ಹೊರಕ್ಕೆ ಎಳೆಯಿರಿ. ಚಿಗುರಿನ ಜತೆಗೆ ತಾಯಿಕಾಂಡದ ತೊಗಟೆಯ ಚಿಕ್ಕ ಪಟ್ಟಿಯೊಂದು ಬರಬೇಕು. ತೋಟಗಾರರು ಇದನ್ನು ‘ಹೀಲ್’ ಅನ್ನುತ್ತಾರೆ, ಹಿಮ್ಮಡಿ. ಮೇಲಕ್ಕೆ ಎಳೆದರೆ ಹಿಮ್ಮಡಿ ಬರುವುದಿಲ್ಲ. ತಾಯಿಗಿಡದ ತೊಗಟೆ ಉದ್ದಕ್ಕೆ ಸುಲಿದು ಗಾಯ ಉಳಿಯುತ್ತದೆ.

ಹಿಮ್ಮಡಿಗೆ ಬಾಲ ಇದ್ದೇ ಇರುತ್ತದೆ. 1 ಸೆಂ.ಮೀ.ಗಿಂತ ಉದ್ದವಿದ್ದರೆ ಹರಿತವಾದ ಚಾಕುವಿನಿಂದ ಸವರಿಬಿಡಿ. ಸ್ಲಿಪ್ ಸಾಯುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಈ ಬಾಲವೇ. ತೆಳ್ಳಗಿನ ತೊಗಟೆ ಒದ್ದೆ ಮಣ್ಣಿನಲ್ಲಿ ಮೊದಲು ಕೊಳೆಯುತ್ತದೆ, ಕೊಳೆ ಅಲ್ಲಿಂದ ಕಾಂಡಕ್ಕೆ ಹತ್ತುತ್ತದೆ. ಕೆಳಗಿನ ಅರ್ಧದ ಎಲೆಗಳನ್ನು ಬೋಳಿಸಿ, ದಪ್ಪ ಮರಳು ಮತ್ತು ಜರಡಿ ಹಿಡಿದ ಎಲೆಗೊಬ್ಬರವನ್ನು ಸಮಸಮ ಬೆರೆಸಿದ ಕುಂಡದಲ್ಲಿ ಅರ್ಧದ ತನಕ ಇಳಿಸಿ, ಬೆರಳಿನಿಂದ ಸುತ್ತ ಒತ್ತಿ. ಒಮ್ಮೆ ಚೆನ್ನಾಗಿ ನೀರು ಕೊಟ್ಟು ನೆರಳಿನಲ್ಲಿಡಿ. ನಾಲ್ಕರಿಂದ ಎಂಟು ವಾರಗಳಲ್ಲಿ ಬೇರು ಬರುತ್ತದೆ. ಬಂತೋ ಇಲ್ಲವೋ ನೋಡಲು ಕಿತ್ತು ನೋಡಬೇಡಿ. ಮೆಲ್ಲಗೆ ಎಳೆದಾಗ ಮಣ್ಣು ಹಿಡಿದುಕೊಂಡಂತೆ ತೋರಿದರೆ ಸಾಕು.

ಹಿಮ್ಮಡಿಯಿಂದ ಲಾಭ ಏನು? ಚಿಗುರು ಕಾಂಡಕ್ಕೆ ಕೂಡುವ ಆ ಗಂಟಿನಲ್ಲಿ ಬೆಳೆಯುವ ಶಕ್ತಿಯ ಜೀವಕೋಶಗಳೂ ಕೂಡಿಟ್ಟ ಆಹಾರವೂ ಹೆಚ್ಚು, ಗಟ್ಟಿಯಾದ ಕಟ್ಟಿಗೆ ಕೊಳೆಯುವುದೂ ನಿಧಾನ. ಕಾಂಡದ ನಡುವೆ ಪೊಳ್ಳೋ ಮೆತ್ತನೆ ತಿರುಳೋ ಇರುವ ಬರ್ಬೆರಿಸ್‌ನಂಥ ಗಿಡಗಳಿಗೆ ಈ ಪಟ್ಟಿಯೂ ಸಾಲದು. ಅಲ್ಲಿ ಸೀಳುವುದರ ಬದಲು, ಚಿಗುರಿನ ಮೇಲೊಂದು ಕೆಳಗೊಂದು ಕಡಿತ ಹಾಕಿ ತಾಯಿಕಾಂಡದ ಚಿಕ್ಕ ತುಂಡನ್ನೇ ಜತೆಗೆ ತೆಗೆಯುತ್ತಾರೆ. ನೋಡಲು ಸುತ್ತಿಗೆಯಂತಿರುವುದರಿಂದ ‘ಮ್ಯಾಲೆಟ್’. ರೋಮನ್ ಕೃಷಿ ಬರಹಗಾರರು ದ್ರಾಕ್ಷಿಯ ಇಂಥ ಕಡ್ಡಿಯನ್ನು ‘ಮಲ್ಲಿಯೋಲಸ್’, ಪುಟ್ಟ ಸುತ್ತಿಗೆ, ಎಂದೇ ಕರೆದಿದ್ದರು.

ಪೈಪಿಂಗ್: ಚಾಕು ಬೇಡ

ಈ ಮಾತು ಪಿಂಕ್ ಮತ್ತು ಕಾರ್ನೇಶನ್ ಗಿಡಗಳ ಜತೆಗೇ ಬರುತ್ತದೆ. ಡಯಾಂಥಸ್ ಕುಲದ ಗಿಡಗಳ ಕಾಂಡದಲ್ಲಿ ಕಬ್ಬಿನಂತೆ ಗೆಣ್ಣುಗಳಿವೆ, ಪ್ರತಿ ಗೆಣ್ಣಿನಲ್ಲಿ ಎದುರು ಬದುರು ಎಲೆಗಳ ಜೋಡಿ. ತುದಿಯನ್ನು ನೆಟ್ಟಗೆ ಎಳೆದರೆ ಎಲೆಗಳ ಒರೆಯಿಂದ ಕಾಂಡ ಕಳಚಿ ಬರುತ್ತದೆ, ಚಿಕ್ಕ ಕೊಳವೆಯಂತೆ. ಅದೇ ಪೈಪ್.

ಜೂನ್–ಜುಲೈಯಲ್ಲಿ, ಹೂವು ಮುಗಿಯುತ್ತ ಬಂದಾಗ, ಹೂವು ಬಿಡದ ಚಿಗುರನ್ನು ತುದಿಯಿಂದ ಮೂರನೆಯ ಅಥವಾ ನಾಲ್ಕನೆಯ ಎಲೆಜೋಡಿಯ ಕೆಳಗೆ ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ತುದಿ ಹಿಡಿದು ಒಂದೇ ಸಲಕ್ಕೆ ಎಳೆಯಿರಿ. 7–10 ಸೆಂ.ಮೀ. ತುಂಡು ಬರುತ್ತದೆ. ತಳದ ಎಲೆಜೋಡಿ ತೆಗೆದು, ಮರಳು ಹೆಚ್ಚಿರುವ ಮಿಶ್ರಣದಲ್ಲಿ ಉಳಿದ ಎಲೆಗಳ ಬುಡ ಮಣ್ಣಿಗೆ ತಾಗದಷ್ಟು ಆಳಕ್ಕೆ ಇಳಿಸಿ. ಮೂರು–ನಾಲ್ಕು ವಾರ ಸಾಕು. ಹಳೆಯ ತೋಟಗಾರರು ಮೇಲೆ ಗಂಟೆಯಾಕಾರದ ಗಾಜು ಮುಚ್ಚುತ್ತಿದ್ದರು. ಮುಚ್ಚುವುದಾದರೆ ದಿನಕ್ಕೊಮ್ಮೆ ತೆಗೆದು ಒಳಗಿನ ತೇವ ಒರೆಸಬೇಕು. ಈ ಗಿಡಗಳ ಬೂದುಬಣ್ಣದ ಮೇಣದ ಎಲೆಗೆ ನಿಂತ ತೇವ ಆಗಿಬರುವುದಿಲ್ಲ.

ಎಳೆದಾಗ ಕಳಚದೆ ಬಗ್ಗಿದರೆ ಅಥವಾ ನಾರಾಗಿ ಹರಿದರೆ ಕಾಂಡ ಬಲಿತಿದೆ ಎಂದರ್ಥ. ಅಂಥದ್ದನ್ನು ಜಗ್ಗಾಡದೆ ಗೆಣ್ಣಿನ ಸರಿ ಕೆಳಗೆ ಚಾಕುವಿನಿಂದ ಕತ್ತರಿಸಿ. ಅದು ಪೈಪಿಂಗ್ ಅಲ್ಲ, ಆದರೂ ಬೇರು ಬಿಡುತ್ತದೆ. ಅಂದಹಾಗೆ, ಗುಲಾಬಿ ಬಣ್ಣಕ್ಕೆ ಇಂಗ್ಲಿಷಿನಲ್ಲಿ ‘ಪಿಂಕ್’ ಎಂಬ ಹೆಸರು ಬಂದದ್ದು ಈ ಹೂವಿನಿಂದ. ಮೊದಲು ಹೂವು, ಆಮೇಲೆ ಬಣ್ಣ.

ಸೆಟ್ ಮತ್ತು ವಿದಿ: ಕೂರಿಸಿದ್ದು

‘ಸೆಟ್’ ಎಂದರೆ ಕೂರಿಸು. ಕುಳಿತುಕೊಳ್ಳುವ ‘ಸಿಟ್’ ಕ್ರಿಯೆಯ ಪ್ರೇರಣಾರ್ಥಕ ರೂಪ ಅದು. ಸಂಸ್ಕೃತದ ‘ಸದ್’ ಧಾತು, ಅದರಿಂದ ಬಂದ ನಮ್ಮ ‘ಸದನ’ ಇದೇ ಬಳಗದವು. ನೆಲದಲ್ಲಿ ನೇರವಾಗಿ, ಅದು ಬೆಳೆಯಬೇಕಾದ ಜಾಗದಲ್ಲೇ ಕೂರಿಸುವ ತುಂಡು ಸೆಟ್. ಹಳೆಯ ಬರಹದಲ್ಲಿ ಕುಂಡ, ಗಾಜು, ನೆರಳು ಯಾವುದರ ಮಾತೂ ಇಲ್ಲದೆ ‘ಸೆಟ್’ ಎಂದಷ್ಟೇ ಇದ್ದರೆ ಅದು ಮರೆವಲ್ಲ, ಅವು ಬೇಕಿಲ್ಲ. ಆಲೂಗಡ್ಡೆಯ ಬಿತ್ತನೆ ತುಂಡಿಗೂ ವಿಲ್ಲೋ ಕಡ್ಡಿಗೂ ಒಂದೇ ಹೆಸರು ಬಂದದ್ದು ಈ ಕಾರಣಕ್ಕೆ.

ನೈಋತ್ಯ ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಬುಟ್ಟಿ ಹೆಣೆಯುವ ವಿಲ್ಲೋಗೆ ‘ವಿದಿ’ ಅನ್ನುತ್ತಾರೆ. ಹಳೆಯ ಇಂಗ್ಲಿಷಿನ ‘ವೀದಿಗ್’ನಿಂದ ಬಂದ ಈ ಪದದ ಬೇರಿನಲ್ಲಿ ಬಾಗು, ಹೆಣೆ ಎಂಬ ಅರ್ಥವಿದೆ. ಲ್ಯಾಟಿನ್ನಿನ ದ್ರಾಕ್ಷಿಬಳ್ಳಿ ‘ವೀಟಿಸ್’, ಸಂಸ್ಕೃತದ ‘ವೇತಸ’ ಮತ್ತು ‘ವೇತ್ರ’ ಅದೇ ಬೇರಿನವು. ವೇತ್ರ ನಮ್ಮಲ್ಲಿ ಬೆತ್ತವಾಗಿದೆ. ಬುಟ್ಟಿ ಹೆಣೆಯುವವರ ಕೈಗೆ ಎರಡೂ ಒಂದೇ ಕೆಲಸ ಕೊಡುತ್ತವೆ.

ವಿದಿ ಸೆಟ್ ಹಾಕುವುದು ಹೀಗೆ. ಎಲೆ ಉದುರಿದ ಮೇಲೆ, ಡಿಸೆಂಬರ್‌ನಿಂದ ಮಾರ್ಚ್ ಮೊದಲ ಭಾಗದ ಒಳಗೆ, ಒಂದು ವರ್ಷ ಬೆಳೆದ ಕೋಲುಗಳ ತಳಭಾಗದಿಂದ 25–30 ಸೆಂ.ಮೀ. ತುಂಡುಗಳನ್ನು ಕತ್ತರಿಸಿ. ಪೆನ್ಸಿಲ್‌ಗಿಂತ ತೆಳ್ಳಗಿರುವುದು ಬೇಡ, ಒಣಗಾಳಿಗೆ ತಡೆಯುವುದಿಲ್ಲ. ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸುವ ಅಭ್ಯಾಸ ಮಾಡಿಕೊಳ್ಳಿ. ಓರೆ ತುದಿ ಮಣ್ಣಿಗೆ ಸುಲಭವಾಗಿ ಇಳಿಯುತ್ತದೆ, ಜತೆಗೆ ಯಾವುದು ಮೇಲೆ ಯಾವುದು ಕೆಳಗೆ ಎಂಬ ಗೊಂದಲವೇ ಇರುವುದಿಲ್ಲ. ಮೂರರಲ್ಲಿ ಎರಡು ಪಾಲು ನೆಲದೊಳಗೆ, ಮೇಲೆ ಎರಡು–ಮೂರು ಕಣ್ಣು. ಸಾಲಿನಿಂದ ಸಾಲಿಗೆ 60–70 ಸೆಂ.ಮೀ., ಸಾಲಿನೊಳಗೆ 30–35 ಸೆಂ.ಮೀ. ಇಷ್ಟು ಒತ್ತಾಗಿ ಹಾಕಿದರೇ ಕೋಲುಗಳು ಕವಲೊಡೆಯದೆ ನೆಟ್ಟಗೆ ಏಳುತ್ತವೆ. ಮೊದಲ ಚಳಿಗಾಲ ಬುಡದವರೆಗೆ ಕತ್ತರಿಸಿಬಿಡಬೇಕು, ಆ ಕೋಲು ಹೆಣಿಗೆಗೆ ಬರುವುದಿಲ್ಲ. ತುಂಬು ಬೆಳೆ ಸಿಗುವುದು ಸುಮಾರು ಮೂರನೆಯ ವರ್ಷದಿಂದ. ಮೊದಲ ಎರಡು ಬೇಸಿಗೆ ಕಳೆ ಕೀಳದಿದ್ದರೆ ಸಾಲುಗಳಲ್ಲಿ ಬೋಳು ಜಾಗ ಬೀಳುತ್ತದೆ, ಆಮೇಲೆ ಅಲ್ಲಿ ಹೊಸ ಸೆಟ್ ಹಾಕಿದರೆ ಅಕ್ಕಪಕ್ಕದ ಬುಡಗಳ ನೆರಳಿನಲ್ಲಿ ಅದು ಏಳುವುದಿಲ್ಲ.

ತಲೆಕೆಳಗಾಗಿ ನೆಟ್ಟ ಸೆಟ್ಟಿಗೆ ಏನಾಗುತ್ತದೆ? ವಿಲ್ಲೋ ಹಟಮಾರಿ ಗಿಡ, ಬದುಕಿದರೂ ಬದುಕೀತು. ಆದರೆ ಬೇರು ಹುಟ್ಟಿಸುವ ಆಕ್ಸಿನ್ ಎಂಬ ಹಾರ್ಮೋನು ಕಾಂಡದೊಳಗೆ ಹರಿಯುವುದು ತುದಿಯಿಂದ ಬುಡದ ಕಡೆಗೆ. ಕಡ್ಡಿಯನ್ನು ತಿರುಗಿಸಿ ನೆಟ್ಟ ಮಾತ್ರಕ್ಕೆ ಆ ದಿಕ್ಕು ಬದಲಾಗುವುದಿಲ್ಲ. ಹೀಗಾಗಿ ಬೇರಿಗೆ ಬೇಕಾದದ್ದು ಗಾಳಿಯಲ್ಲಿರುವ ತುದಿಯಲ್ಲಿ ಸೇರುತ್ತದೆ, ಗಿಡ ಸೊರಗುತ್ತದೆ.

ಕ್ರಿಕೆಟ್ ಬ್ಯಾಟಿನ ವಿಲ್ಲೋ ಬೆಳೆಯುವವರ ಬಾಯಲ್ಲೂ ಸೆಟ್ ಎಂಬ ಮಾತೇ ಇದೆ, ಅಳತೆ ಮಾತ್ರ ಬೇರೆ. ಅಲ್ಲಿ ಸೆಟ್ ಎಂದರೆ ಆಳಿಗಿಂತ ಎತ್ತರದ ನೆಟ್ಟನೆಯ ಕಂಬ. ಹಾರೆಯಿಂದ ಸುಮಾರು 75 ಸೆಂ.ಮೀ. ಆಳದ ಕುಳಿ ಮಾಡಿ ಇಳಿಸಿ ಸುತ್ತ ಮಣ್ಣು ಗಟ್ಟಿಸುತ್ತಾರೆ. ಕಾಂಡದ ಕೆಳಭಾಗದಲ್ಲಿ ಒಡೆಯುವ ಮೊಳಕೆಗಳನ್ನು ಪ್ರತಿ ವಸಂತದಲ್ಲಿ ಕೈಯಿಂದ ಉಜ್ಜಿ ತೆಗೆಯುತ್ತಾರೆ. ಬಿಟ್ಟ ಒಂದೊಂದು ಮೊಳಕೆಯೂ ಮರದಲ್ಲಿ ಗಂಟಾಗುತ್ತದೆ, ಗಂಟಿರುವ ಮರ ಬ್ಯಾಟಿಗೆ ಆಗದು.

ಪಿಚರ್ ಮತ್ತು ಟ್ರಂಚನ್: ದಪ್ಪ ಕೊಂಬೆಗಳು

ಪಿಚರ್ ಓದಿದ ಕೂಡಲೇ ಹೂಜಿ ನೆನಪಾಗುತ್ತದೆ. ಅದು ಹಳೆಯ ಫ್ರೆಂಚಿನಿಂದ ಬಂದ ಬೇರೆಯೇ ಪದ. ಗಿಡದ ಪಿಚರ್ ‘ಪಿಚ್’ ಕ್ರಿಯೆಯಿಂದ ಬಂದದ್ದು: ಚುಚ್ಚಿ ನಿಲ್ಲಿಸು. ಡೇರೆಯ ಗೂಟ ಹೊಡೆಯುವುದಕ್ಕೂ ಇದೇ ಕ್ರಿಯೆ. ವೇಲ್ಸ್ ಮತ್ತು ಅದರ ಪಕ್ಕದ ಇಂಗ್ಲಿಷ್ ಸೇಬುನಾಡಿನಲ್ಲಿ ನೆಲಕ್ಕೆ ಚುಚ್ಚಿದರೇ ಬೇರು ಬಿಡುವ ಸೇಬಿನ ಕೊಂಬೆಗೂ ಅಂಥ ಜಾತಿಯ ಮರಕ್ಕೂ ಪಿಚರ್ ಎಂಬ ಹೆಸರಿದೆ.

ಸೇಬನ್ನು ಹೀಗೆ ಬೆಳೆಸಬಹುದು ಎಂದರೆ ಅನೇಕರು ನಂಬುವುದಿಲ್ಲ, ನಂಬದಿರುವುದಕ್ಕೆ ಕಾರಣವೂ ಇದೆ: ಬಹುಪಾಲು ಸೇಬಿನ ತಳಿಗಳು ಕಡ್ಡಿಯಿಂದ ಬೇರು ಬಿಡುವುದಿಲ್ಲ. ಕೆಲವು ತಳಿಗಳ ಕೊಂಬೆಗಳಲ್ಲಿ ಮಾತ್ರ ಒರಟು ಗಂಟುಗಳು ಉಬ್ಬಿರುತ್ತವೆ. ‘ಬರ್ ನಾಟ್’ ಎಂಬ ಈ ಗಂಟುಗಳೊಳಗೆ ಬೇರಿನ ಮೊಳಕೆಗಳು ಮೊದಲೇ ತಯಾರಾಗಿ ಕಾದಿರುತ್ತವೆ. ಎಂ.9, ಎಂ.26ರಂಥ ಇಂದಿನ ಕಸಿ ಬುಡಗಳ ಮೇಲೂ ಇವನ್ನು ಕಾಣಬಹುದು. ಗಂಟು ಇರುವ ಕೊಂಬೆಯನ್ನು ಎಲೆ ಉದುರಿದ ಮೇಲೆ ಗಂಟಿನ ಸರಿ ಕೆಳಗೆ ಕತ್ತರಿಸಿ, ಗಂಟು ಪೂರ್ತಿ ಮಣ್ಣಿನೊಳಗೆ ಹೋಗುವಂತೆ ನೆಟ್ಟು, ಗಾಳಿಗೆ ಅಲುಗಾಡದಂತೆ ಗೂಟಕ್ಕೆ ಕಟ್ಟಿ. ಅಲುಗಾಡಿದರೆ ಹೊಸ ಬೇರಿನ ಎಳೆಗಳು ಹರಿಯುತ್ತವೆ. ಗಂಟಿಲ್ಲದ ಕೊಂಬೆಯನ್ನು ಪಿಚರ್ ಎಂದು ನೆಟ್ಟು ಕಾಯುವುದು ವ್ಯರ್ಥ. ಹಳೆಯ ಬರಹದಲ್ಲಿ ಸೇಬಿನ ಜತೆ ಈ ಪದ ಕಂಡರೆ, ಅದು ವಿಧಾನದ ಜತೆಗೆ ತಳಿಯ ಗುಣವನ್ನೂ ಹೇಳುತ್ತಿದೆ ಎಂದು ತಿಳಿಯಿರಿ.

ಟ್ರಂಚನ್ ಹಳೆಯ ಫ್ರೆಂಚಿನ ‘ತ್ರೋಂಶೋನ್’. ಅದರ ಹಿಂದೆ ಲ್ಯಾಟಿನ್ನಿನ ‘ಟ್ರುಂಕುಸ್’, ಬೊಡ್ಡೆ. ಪೊಲೀಸರ ಲಾಠಿಗೂ ಈ ಹೆಸರಿದೆ, ತೋಟದ ಟ್ರಂಚನ್ ಅದಕ್ಕಿಂತ ದಪ್ಪ. ಕಪ್ಪು ಹಿಪ್ಪುನೇರಳೆಗೆ ಇದು ಇಂಗ್ಲೆಂಡಿನ ಹಳೆಯ ಕ್ರಮ: ಒಂದೂವರೆ ಮೀಟರ್ ಉದ್ದದ, ಹಲವು ವರ್ಷ ಬಲಿತ ಕೊಂಬೆಯನ್ನು ಚಳಿಗಾಲದಲ್ಲಿ ತೆಗೆದು, ಕನಿಷ್ಠ ಮೂರರಲ್ಲೊಂದು ಪಾಲು ಹೂಳುವುದು. ಕೊಂಬೆಯಲ್ಲಿ ಕೂಡಿಟ್ಟ ಆಹಾರ ಹೆಚ್ಚಿರುವುದರಿಂದ ಬೇರು ಬರುವ ತನಕ ಬದುಕಿರುತ್ತದೆ. ಇಲ್ಲಿ ಮೋಸ ಹೋಗುವುದು ಮೊದಲ ವಸಂತದಲ್ಲಿ. ಬೇರು ಇನ್ನೂ ಬಂದಿರುವುದಿಲ್ಲ, ಆದರೂ ಕೂಡಿಟ್ಟ ಆಹಾರದ ಬಲದಿಂದ ಎಲೆ ಒಡೆಯುತ್ತದೆ. ನೋಡಿ ಖುಷಿಪಟ್ಟು ನೀರು ಮರೆತರೆ ಜುಲೈ ಹೊತ್ತಿಗೆ ಒಣಗಿ ನಿಲ್ಲುತ್ತದೆ.

ಕ್ವಿಕ್: ಬೇಗ ಅಲ್ಲ

‘ಕ್ವಿಕ್‌ಸೆಟ್’ ಬೇಲಿ ಎಂದರೆ ಬೇಗ ಬೆಳೆಯುವ ಬೇಲಿ ಎಂದು ಅನುವಾದಿಸಿದ್ದನ್ನು ಎಷ್ಟೋ ಕಡೆ ಕಾಣಬಹುದು. ಹಳೆಯ ಇಂಗ್ಲಿಷಿನ ‘ಕ್ವಿಕ್’ ಎಂದರೆ ಜೀವಂತ. ಸಂಸ್ಕೃತದ ‘ಜೀವ’, ಲ್ಯಾಟಿನ್ನಿನ ‘ವೀವುಸ್’, ಗ್ರೀಕಿನ ‘ಬಿಯೋಸ್’ ಜತೆ ಒಂದೇ ಬೇರು. ಒಣ ಕಟ್ಟಿಗೆಯ ಬೇಲಿಗೆ ಎದುರಾಗಿ ಇದು ಜೀವಬೇಲಿ. ಹಾಥಾರ್ನ್ ಮುಳ್ಳುಗಿಡಕ್ಕೆ ಅನೇಕ ಕಡೆ ‘ಕ್ವಿಕ್’ ಎಂದೇ ಹೆಸರು ಉಳಿದಿದೆ. 18–19ನೆಯ ಶತಮಾನಗಳಲ್ಲಿ ಸಂಸತ್ತಿನ ಕಾಯಿದೆಗಳ ಮೂಲಕ ಸಾರ್ವಜನಿಕ ಹೊಲಗಳನ್ನು ಬೇಲಿ ಹಾಕಿ ಪಾಲು ಮಾಡಿದಾಗ ನೆಟ್ಟದ್ದು ಹೆಚ್ಚಾಗಿ ಇದನ್ನೇ.

ಹೆಸರಿನಲ್ಲಿ ಸೆಟ್ ಇದೆ ಎಂದು ಹಾಥಾರ್ನ್ ಕಡ್ಡಿ ಮುರಿದು ನೆಲಕ್ಕೆ ಚುಚ್ಚಿದರೆ ಏನೂ ಬರುವುದಿಲ್ಲ. ನೆಡುವುದು ಬೀಜದಿಂದ ಬೆಳೆಸಿದ, ಬೇರು ಸಹಿತದ ಎರಡು–ಮೂರು ವರ್ಷದ ಸಸಿಯನ್ನು. ನವೆಂಬರ್‌ನಿಂದ ಮಾರ್ಚ್ ಒಳಗೆ, ಮೀಟರಿಗೆ ಐದಾರು ಸಸಿಯಂತೆ ಎರಡು ಸಾಲುಗಳಲ್ಲಿ, ಒಂದರೆದುರು ಒಂದು ಬಾರದ ಹಾಗೆ. ನೆಟ್ಟ ಮೇಲೆ 10–15 ಸೆಂ.ಮೀ. ಎತ್ತರಕ್ಕೆ ಕತ್ತರಿಸುವುದಕ್ಕೆ ಕೈ ಬರಲೇಬೇಕು. ಇಲ್ಲದಿದ್ದರೆ ಬೇಲಿಯ ಬುಡ ಬೋಳಾಗಿ ಕುರಿಮರಿ ನುಸುಳುವಷ್ಟು ಸಂದಿ ಉಳಿಯುತ್ತದೆ.

ಇಂಪ್, ಗ್ರಾಫ್: ಇನ್ನೊಂದು ಮರದಲ್ಲಿ ನೆಡುವುದು

ಕಸಿಯ ಕಡ್ಡಿಗೆ ಹಳೆಯ ಇಂಗ್ಲಿಷಿನ ಹೆಸರು ‘ಇಂಪ್’, ಎಷ್ಟೋ ಕಡೆ ‘ವೈ’ ಅಕ್ಷರದಿಂದ ಶುರುವಾಗುವ ಕಾಗುಣಿತದಲ್ಲಿ. ಗ್ರೀಕಿನ ‘ಎಂಫುತೋಸ್’, ಒಳಗೆ ನೆಟ್ಟದ್ದು, ಲ್ಯಾಟಿನ್ ಹಾದು ಇಂಗ್ಲಿಷಿಗೆ ಬಂತು. ನೆಟ್ಟ ಎಳೆ ಚಿಗುರು ವಂಶದ ಕುಡಿ ಎಂದಾಯಿತು, ಮಗು ಎಂದಾಯಿತು, ಸೈತಾನನ ಮಗು ಎಂದಾಯಿತು. ಕೊನೆಗೆ ಪುಟ್ಟ ಪಿಶಾಚಿಯ ಅರ್ಥವಷ್ಟೇ ಉಳಿಯಿತು. ಜರ್ಮನ್ನಿನಲ್ಲಿ ಅದೇ ಪದ ‘ಇಂಪ್ಫೆನ್’ ಆಗಿ ಲಸಿಕೆ ಹಾಕುವುದಕ್ಕೆ ನಿಂತಿದೆ. ಕಡ್ಡಿಯಿಂದ ಕುಲಕ್ಕೆ ಹೋದ ಪದ ಇದೊಂದೇ ಅಲ್ಲ. ‘ಸಯನ್’ ಕಸಿಕಡ್ಡಿಯೂ ಹೌದು, ವಂಶದ ಕುಡಿಯೂ ಹೌದು. ಅಮೆರಿಕದ ಸಸ್ಯವಿಜ್ಞಾನಿ ಹರ್ಬರ್ಟ್ ವೆಬ್ಬರ್ 1903ರಲ್ಲಿ ಕಡ್ಡಿಯಿಂದ ಬೆಳೆಸಿದ ಗಿಡಗಳಿಗಾಗಿ ಬಳಕೆಗೆ ತಂದ ‘ಕ್ಲೋನ್’ ಕೂಡ ರೆಂಬೆ ಎಂಬ ಗ್ರೀಕ್ ಪದವೇ.

‘ಗ್ರಾಫ್’ ಹೇಳುವುದು ಆಕಾರವನ್ನು. ಹಳೆಯ ಫ್ರೆಂಚಿನಲ್ಲಿ ಅದು ಬರೆಯುವ ಕಂಟ. ಮೂಲದಲ್ಲಿ ಗ್ರೀಕಿನ ‘ಬರೆ’ ಎಂಬ ಧಾತು. ಕೊನೆಯ ‘ಟ್’ ಸೇರಿ ‘ಗ್ರಾಫ್ಟ್’ ಆದದ್ದು ಆಮೇಲೆ. ಕಂಟದ ಮೊನೆಯಂತೆ ಚೂಪಾಗಿ ಕೆತ್ತಿದ ಕಡ್ಡಿ ಎಂಬ ಈ ಚಿತ್ರವನ್ನು ಕಣ್ಣಿನಲ್ಲಿಟ್ಟುಕೊಂಡೇ ಕೆಲಸ ಮಾಡಿ. ಸೇಬಿನ ಕಡ್ಡಿಯನ್ನು ಡಿಸೆಂಬರ್–ಜನವರಿಯಲ್ಲಿ, ಕಣ್ಣುಗಳು ನಿದ್ದೆಯಲ್ಲಿರುವಾಗ ಕತ್ತರಿಸಿ, ಗೋಡೆಯ ಉತ್ತರದ ನೆರಳಿನಲ್ಲಿ ತೇವದ ಮರಳಿನಲ್ಲಿ ಹೂತಿಡಿ. ಮಾರ್ಚಿನಲ್ಲಿ ಬುಡದ ಮರದಲ್ಲಿ ರಸ ಏರತೊಡಗಿದಾಗ ಕಡ್ಡಿಯ ತಳವನ್ನು 3–4 ಸೆಂ.ಮೀ. ಉದ್ದದ ಬೆಣೆಯಂತೆ, ಒಂದೇ ಎಳೆತದಲ್ಲಿ ನುಣ್ಣಗೆ ಕೆತ್ತಿ, ಸೀಳಿದ ಬುಡಕ್ಕೆ ಇಳಿಸಿ. ಬುಡ ದಪ್ಪವಿದ್ದರೆ ಕಡ್ಡಿಯನ್ನು ನಡುವೆ ಅಲ್ಲ, ಅಂಚಿನಲ್ಲಿ ಕೂರಿಸಬೇಕು. ತೊಗಟೆಯ ಒಳಮೈಯ ಹಸಿರು ಪದರ ಎರಡರಲ್ಲೂ ಒಂದಕ್ಕೊಂದು ತಾಗದಿದ್ದರೆ ಕಸಿ ಕೂಡುವುದಿಲ್ಲ. ಹೊರತೊಗಟೆಗಳನ್ನು ಸಮ ಮಾಡುವುದು ಸಾಮಾನ್ಯ ತಪ್ಪು. ಬುಡದ ತೊಗಟೆ ದಪ್ಪ, ಹಾಗಾಗಿ ಕಡ್ಡಿ ಕೊಂಚ ಒಳಗೆ ಸರಿದಿರಬೇಕು.

ಪದವನ್ನು ಹುಡುಕುವಾಗ, ದಿನಾಂಕ ಓದುವಾಗ

ಇಲ್ಲಿಲ್ಲದ ಪದ ಸಿಕ್ಕಿದರೆ ಜೋಸೆಫ್ ರೈಟ್ ಸಂಪಾದಿಸಿದ, 1898ರಿಂದ 1905ರ ನಡುವೆ ಆರು ಸಂಪುಟಗಳಲ್ಲಿ ಬಂದ ಇಂಗ್ಲಿಷ್ ಉಪಭಾಷೆಗಳ ನಿಘಂಟು ನೋಡಿ. ಪ್ರತಿ ಅರ್ಥಕ್ಕೂ ಅದನ್ನು ಆಡುವ ಕೌಂಟಿಯ ಹೆಸರನ್ನು ಅದು ಸಂಕ್ಷೇಪದಲ್ಲಿ ಕೊಡುತ್ತದೆ. ಆ ಗುರುತನ್ನು ಬಿಟ್ಟು ಅರ್ಥವನ್ನಷ್ಟೇ ಎತ್ತಿಕೊಳ್ಳಬೇಡಿ, ಒಂದು ಕೌಂಟಿಯ ಕಡ್ಡಿ ಇನ್ನೊಂದರಲ್ಲಿ ಬೊಡ್ಡೆಯಾಗಿರಬಹುದು. ಹುಡುಕುವ ಮೊದಲು ಪದವನ್ನು ಗಟ್ಟಿಯಾಗಿ ಓದಿ. ಸಾಮರ್ಸೆಟ್ ಕಡೆಯ ಬರಹದಲ್ಲಿ ‘ಝೆಟ್’ ಎಂದಿದ್ದರೆ ಅದು ಸೆಟ್. ಆ ನಾಡಿನಲ್ಲಿ ಪದದ ಮೊದಲ ‘ಸ’ ‘ಝ’ ಆಗುತ್ತದೆ, ‘ಫ’ ‘ವ’ ಆಗುತ್ತದೆ. ನಿಘಂಟಿನ ಮೊದಲ ಉಲ್ಲೇಖದ ವರ್ಷ ಪದ ಬರಹಕ್ಕೆ ಬಂದದ್ದನ್ನು ಹೇಳುತ್ತದೆಯೇ ಹೊರತು ಹುಟ್ಟಿದ್ದನ್ನಲ್ಲ. ತೋಟದ ಮಾತು ಬಾಯಿಂದ ಕಾಗದಕ್ಕೆ ಇಳಿಯಲು ಬಹಳ ಕಾಲ ಹಿಡಿಯುತ್ತಿತ್ತು.

ಅಳತೆಗಳನ್ನು ಹೀಗೆ ಬದಲಿಸಿಕೊಳ್ಳಿ: ‘ಸ್ಪ್ಯಾನ್’ ಗೇಣು, 9 ಇಂಚು, ಸುಮಾರು 23 ಸೆಂ.ಮೀ.; ಇಂಗ್ಲಿಷ್ ‘ಎಲ್’ 45 ಇಂಚು, 114 ಸೆಂ.ಮೀ.; ಬೇಲಿಯ ಉದ್ದಕ್ಕೆ ಬಳಸುವ ‘ಪರ್ಚ್’ ಹದಿನಾರೂವರೆ ಅಡಿ, 5 ಮೀಟರಿಗೆ ತುಸು ಹೆಚ್ಚು.

ತಿಂಗಳು ತಪ್ಪುವುದು ಇನ್ನೊಂದು ಕಡೆ. ಬ್ರಿಟನ್ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟದ್ದು 1752ರ ಸೆಪ್ಟೆಂಬರ್‌ನಲ್ಲಿ; ಆ ತಿಂಗಳು 2ನೆಯ ತಾರೀಖಿನ ಮರುದಿನ 14 ಬಂತು. ಆದ್ದರಿಂದ 17ನೆಯ ಶತಮಾನದ ಪುಸ್ತಕದ ದಿನಾಂಕಕ್ಕೆ 10 ದಿನ, 1700ರ ಫೆಬ್ರವರಿ ಮುಗಿದಂದಿನಿಂದ 1752ರವರೆಗಿನ ದಿನಾಂಕಕ್ಕೆ 11 ದಿನ ಕೂಡಿಸಬೇಕು. 1680ರ ಪುಸ್ತಕ ಜುಲೈ 25ರ ಸೇಂಟ್ ಜೇಮ್ಸ್ ದಿನ ಸ್ಲಿಪ್ ತೆಗೆಯಿರಿ ಎಂದರೆ ನಮ್ಮ ಲೆಕ್ಕಕ್ಕೆ ಅದು ಆಗಸ್ಟ್ 4. ಜೂನ್ ಕೊನೆಯ ಪೈಪಿಂಗ್ ಕೂಡ ಹೀಗೆಯೇ ಜುಲೈಗೆ ಸರಿಯುತ್ತದೆ. ಎಳೆ ಚಿಗುರು ಬಲಿಯುವ ಕಾಲದಲ್ಲಿ ಹತ್ತು ದಿನ ಎಂದರೆ, ಬುಡ ಇನ್ನೂ ನೀರು ನೀರಾಗಿರುವ ಕಡ್ಡಿಗೂ ಬೇರು ಬಿಡುವಷ್ಟು ಗಟ್ಟಿಯಾದ ಕಡ್ಡಿಗೂ ಇರುವ ಅಂತರ.